ನಾನು ಬಳಸುವ ಗ್ಯಾಜೆಟ್‌ಗಳು, ತಂತ್ರಾಂಶಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಬಂದ ನೆಂಟರು, ಆಫೀಸಿನ ಗೆಳೆಯರು, ಅಪಾರ್ಟ್‌ಮೆಂಟಿನ ಅಕ್ಕಪಕ್ಕದವರು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಇಲ್ಲಿ ಹೆಸರಿಸಿರುವ ಯಾವ ಕಂಪನಿಯಿಂದಲೂ ನಾನು ಹಣ ಅಥವಾ ಪುಕ್ಕಟೆ ವಸ್ತು ಪಡೆದಿಲ್ಲ.

ಒಂದು ವಸ್ತು ನಿಮ್ಮ ಪಟ್ಟಿಗೆ ಸೇರಬೇಕಾದರೆ ಅದರಲ್ಲಿ ಏನಿರಬೇಕು?

ಇಂಟರ್ನೆಟ್ ಇಲ್ಲದಿದ್ದರೂ ಅದು ತನ್ನ ಮುಖ್ಯ ಕೆಲಸ ಮಾಡಬೇಕು. ಅದರಲ್ಲಿ ಕನ್ನಡ ಸರಿಯಾಗಿ ಕಾಣಬೇಕು, ಕನ್ನಡದಲ್ಲಿ ಬರೆಯಲೂ ಆಗಬೇಕು. ಕೆಟ್ಟರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬೀದಿಯಾದ ಎಸ್.ಪಿ. ರೋಡಿನಲ್ಲಿ ಯಾರಾದರೂ ಬಿಚ್ಚಿ ರಿಪೇರಿ ಮಾಡುವಂತಿರಬೇಕು. ನಾಳೆ ಬೇರೆಯದಕ್ಕೆ ಹೋಗೋಣ ಅನ್ನಿಸಿದರೆ ನನ್ನ ಫೋಟೊ, ಬರಹ, ಪಾಸ್‌ವರ್ಡ್ ಎಲ್ಲವನ್ನೂ ಎತ್ತಿಕೊಂಡು ಹೊರಡಲು ದಾರಿ ಇರಬೇಕು. ಕಂಪನಿಯವರು ಸರ್ವರ್ ನಿಲ್ಲಿಸಿದ ದಿನ ನಾನು ದುಡ್ಡು ಕೊಟ್ಟು ತಂದ ವಸ್ತು ಕೆಲಸಕ್ಕೆ ಬಾರದಂತಾಗಬಾರದು. ಇವೆಲ್ಲ ಇದ್ದ ಮೇಲೆ ವೇಗ, ಅಂದ, ಬಣ್ಣ ನೋಡುತ್ತೇನೆ.

ಸದ್ಯಕ್ಕೆ ಅತಿ ಇಷ್ಟದ ಗ್ಯಾಜೆಟ್ ಯಾವುದು?

ರೂಟರ್‌ಗೆ ಹಾಕುವ ಪುಟ್ಟ ಯುಪಿಎಸ್. ಅಂಗೈ ಅಗಲದ ಡಬ್ಬಿ, ಒಳಗೆ ಲಿಥಿಯಂ ಬ್ಯಾಟರಿ. ಬೆಂಗಳೂರಿನಲ್ಲಿ ಏಪ್ರಿಲ್, ಮೇ ಮಳೆ ಶುರುವಾದರೆ ಎಲ್ಲೋ ಒಂದು ಕೊಂಬೆ ತಂತಿಯ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಫೋನಿಗೆ ಬ್ಯಾಟರಿ ಇದೆ. ನಿಲ್ಲುವುದು ವೈಫೈ ಮಾತ್ರ. ಆ ಒಂದು ಕೊರತೆಯನ್ನು ಈ ಡಬ್ಬಿ ತುಂಬುತ್ತದೆ.

ಇದು ಕೆಲಸಕ್ಕೆ ಬರಲು ಒಂದು ಕಾರಣವಿದೆ. ಮನೆತನಕ ಬರುವ ಫೈಬರ್ ಜಾಲದಲ್ಲಿ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಸ್ಪ್ಲಿಟರ್‌ಗೆ ವಿದ್ಯುತ್ತೇ ಬೇಡ. ಹಾಗಾಗಿ ಬೀದಿಯಲ್ಲಿ ಕರೆಂಟು ಇಲ್ಲದಿದ್ದರೂ, ಕಂಪನಿಯವರ ಕಡೆ ಬ್ಯಾಕಪ್ ಇದ್ದು ನಿಮ್ಮ ಮನೆಯ ಫೈಬರ್ ಡಬ್ಬಿ, ರೂಟರ್ ಆನ್ ಆಗಿದ್ದರೆ ಇಂಟರ್ನೆಟ್ ಬರುತ್ತಲೇ ಇರುತ್ತದೆ. ಕೆಲವು ಕಟ್ಟಡಗಳಲ್ಲಿ ಮಾತ್ರ ಮೆಟ್ಟಿಲ ಕೆಳಗೆ ಒಂದು ಸ್ವಿಚ್ ಇಟ್ಟು ಅಲ್ಲಿಂದ ತಾಮ್ರದ ಕೇಬಲ್ ಎಳೆದಿರುತ್ತಾರೆ. ಆ ಸ್ವಿಚ್ಚಿಗೂ ಬ್ಯಾಕಪ್ ಬೇಕು. ಕೊಳ್ಳುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ.

ಅದನ್ನು ಆರಿಸುವಾಗ ಏನು ನೋಡಬೇಕು?

ರೂಟರಿನ ಅಡಾಪ್ಟರ್ ಮೇಲೆ ಬರೆದಿರುವುದನ್ನು ಓದಿ. ಬಹುತೇಕ 12 ವೋಲ್ಟ್ ಇರುತ್ತದೆ, ಕೆಲವು 9 ವೋಲ್ಟಿನವೂ ಇವೆ. ವೋಲ್ಟ್ ಕರಾರುವಾಕ್ಕಾಗಿ ಹೊಂದಬೇಕು. ಯುಪಿಎಸ್ ಕೊಡಬಲ್ಲ ಆಂಪಿಯರ್, ಅಡಾಪ್ಟರ್ ಮೇಲಿನಷ್ಟೇ ಇರಬೇಕು ಅಥವಾ ಜಾಸ್ತಿ ಇರಬೇಕು. ಪಿನ್ನಿನ ಹೊರ ಅಳತೆ ಸಾಮಾನ್ಯವಾಗಿ 5.5 ಮಿಲಿಮೀಟರ್. ಒಳ ಅಳತೆ ಮಾತ್ರ 2.1 ಅಥವಾ 2.5. ಇಲ್ಲಿ ತಪ್ಪಿದರೆ ಪಿನ್ನು ಸಡಿಲವಾಗಿ ಕೂತು ರೂಟರ್ ಆಗಾಗ ಆಫ್ ಆಗುತ್ತದೆ.

ಎಷ್ಟು ಹೊತ್ತು ಬರುತ್ತದೆ ಅನ್ನುವುದಕ್ಕೆ ಮಿಲಿಆಂಪಿಯರ್ ಲೆಕ್ಕ ನಂಬಬೇಡಿ, ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆಯಾದ ವಾಟ್-ಅವರ್ ಕೇಳಿ. 30 ವಾಟ್-ಅವರ್ ಬ್ಯಾಟರಿ, 8 ವಾಟ್ ಎಳೆಯುವ ರೂಟರ್ ಅಂದರೆ ನಷ್ಟ ಕಳೆದು ಸುಮಾರು 3 ಗಂಟೆ. ಮನೆಯಲ್ಲಿ ದೊಡ್ಡ ಇನ್ವರ್ಟರ್ ಇದ್ದರೂ ಇದು ಉಪಯೋಗಕ್ಕೆ ಬರುತ್ತದೆ. ಕರೆಂಟು ಹೋಗಿ ಇನ್ವರ್ಟರಿಗೆ ಬದಲಾಗುವ ಆ ಕ್ಷಣದಲ್ಲಿ ಕೆಲವು ರೂಟರ್‌ಗಳು ರೀಸ್ಟಾರ್ಟ್ ಆಗುತ್ತವೆ, ಮೀಟಿಂಗ್ ಕಡಿದುಹೋಗುತ್ತದೆ.

ಯಾವ ಫೋನ್ ತಗೊಳ್ಳಲಿ?

ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಅನ್ನುವುದನ್ನು ಮೊದಲು ನೋಡಿ. 2023ರ ಪಿಕ್ಸೆಲ್ 8 ಮತ್ತು 2024ರ ಗ್ಯಾಲಕ್ಸಿ ಎಸ್24 ಬಂದಾಗ 7 ವರ್ಷದ ಮಾತು ಕೊಟ್ಟರು. ಕಡಿಮೆ ಬೆಲೆಯ ಫೋನುಗಳಲ್ಲಿ ಇದು ಕಡಿಮೆ. ಬ್ಯಾಂಕಿನ ಆ್ಯಪ್ ಇರುವ ಫೋನಿಗೆ ಭದ್ರತಾ ಅಪ್‌ಡೇಟ್ ನಿಂತರೆ ಅದನ್ನು ಬದಲಾಯಿಸುವುದೇ ಸರಿ. ಕ್ಯಾಮೆರಾ ಬಗ್ಗೆ ನನ್ನ ಹತ್ತಿರ ವಿಶೇಷ ಅಭಿಪ್ರಾಯ ಇಲ್ಲ.

ಚಾರ್ಜರ್ ಒಂದೇ ಸಾಕಾ?

ಸಾಕು. 65 ವಾಟಿನ ಒಂದು ಗ್ಯಾಲಿಯಂ ನೈಟ್ರೈಡ್ ಚಾರ್ಜರ್ ನನ್ನ ಬ್ಯಾಗಿನಲ್ಲಿದೆ. ಲ್ಯಾಪ್‌ಟಾಪ್, ಫೋನ್, ಇಯರ್‌ಫೋನ್ ಎಲ್ಲಕ್ಕೂ ಅದೇ. ಹಳೆಯ ಸಿಲಿಕಾನ್ ಭಾಗಗಳಿಗಿಂತ ಇದು ವೇಗವಾಗಿ ಸ್ವಿಚ್ ಆಗುತ್ತದೆ, ಶಾಖವಾಗಿ ಹಾಳಾಗುವ ವಿದ್ಯುತ್ತು ಕಡಿಮೆ. ಅದಕ್ಕೇ ಗಾತ್ರ ಚಿಕ್ಕದು.

ಜನ ಚಾರ್ಜರಿಗೆ ಖರ್ಚು ಮಾಡಿ ಕೇಬಲ್ಲಿನಲ್ಲಿ ಉಳಿಸುತ್ತಾರೆ. ಸಾಮಾನ್ಯ ಯುಎಸ್‌ಬಿ ಸಿ ಕೇಬಲ್ 3 ಆಂಪಿಯರಿನದು, ಅಂದರೆ 60 ವಾಟ್‌ವರೆಗೆ. ಅದಕ್ಕಿಂತ ಮೇಲೆ ಹೋಗಬೇಕಾದರೆ ಕೇಬಲ್ಲಿನ ಒಳಗೊಂದು ಪುಟ್ಟ ಚಿಪ್ ಇರಬೇಕು. ‘ನಾನು 5 ಆಂಪಿಯರ್ ತಡೆಯಬಲ್ಲೆ’ ಎಂದು ಅದು ಚಾರ್ಜರಿಗೆ ತಿಳಿಸಿದ ಮೇಲೇ ಹೆಚ್ಚು ವಿದ್ಯುತ್ ಹರಿಯುತ್ತದೆ. ‘ಚಾರ್ಜರ್ ದೊಡ್ಡದು, ಆದರೂ ಲ್ಯಾಪ್‌ಟಾಪ್ ನಿಧಾನ’ ಅನ್ನುವ ದೂರಿಗೆ ಎಷ್ಟೋ ಸಲ ಕೇಬಲ್ಲೇ ಕಾರಣ.

ನಮ್ಮ ದೇಶದಲ್ಲಿ ಅಡಾಪ್ಟರ್ ಮತ್ತು ಪವರ್ ಬ್ಯಾಂಕ್‌ಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ವಸ್ತುವಿನ ಮೇಲೆ ‘ಆರ್’ ಅಕ್ಷರದಿಂದ ಶುರುವಾಗುವ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ಬರುತ್ತದೆ. ಅಂಗಡಿಯಲ್ಲೇ ನಿಂತು ನೋಡಬಹುದು. ರಾತ್ರಿಯೆಲ್ಲ ತಲೆಯ ಪಕ್ಕ ಪ್ಲಗ್‌ನಲ್ಲಿರುವ ವಸ್ತು ಅದು, ಅಲ್ವಾ?

20,000 ಮಿಲಿಆಂಪಿಯರ್ ಪವರ್ ಬ್ಯಾಂಕನ್ನು ವಿಮಾನದಲ್ಲಿ ಒಯ್ಯಬಹುದಾ?

ಕೈಚೀಲದಲ್ಲಿ ಒಯ್ಯಬಹುದು, ಚೆಕ್-ಇನ್ ಲಗೇಜಿನಲ್ಲಿ ಇಡುವಂತಿಲ್ಲ. ಸಾಮಾನ್ಯ ಮಿತಿ 100 ವಾಟ್-ಅವರ್. 20,000 ಮಿಲಿಆಂಪಿಯರ್-ಅವರ್ ಅಂದರೆ 20 ಆಂಪಿಯರ್-ಅವರ್. ಅದನ್ನು ಒಳಗಿನ ಬ್ಯಾಟರಿಯ 3.7 ವೋಲ್ಟಿನಿಂದ ಗುಣಿಸಿದರೆ 74 ವಾಟ್-ಅವರ್. ಮಿತಿಯೊಳಗೇ ಇದೆ.

ಹಳೆಯ ಲ್ಯಾಪ್‌ಟಾಪ್ ಇದೆ, ವಿಂಡೋಸ್ 11 ಹತ್ತುತ್ತಿಲ್ಲ. ಎಸೆಯಬೇಕಾ?

ಖಂಡಿತ ಬೇಡ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇಂಟೆಲ್ ಆದರೆ ಸುಮಾರು 8ನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಈ ಗಡಿಯಿಂದಾಗಿ ಎಷ್ಟೋ ಗಟ್ಟಿಮುಟ್ಟಾದ ಯಂತ್ರಗಳು ಮೂಲೆ ಸೇರುತ್ತಿವೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಸಾಧ್ಯವಿದ್ದರೆ ರ‍್ಯಾಮ್ ಅನ್ನು 8 ಜಿಬಿಗೆ ಏರಿಸಿ. ಆಮೇಲೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ. ಯಂತ್ರ ತೀರಾ ಹಳೆಯದಾದರೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಇನ್‌ಸ್ಟಾಲ್ ಮಾಡಲು ವೆಂಟಾಯ್ ಎಂಬ ತಂತ್ರಾಂಶ ಬಳಸುತ್ತೇನೆ. ಪೆನ್‌ಡ್ರೈವ್‌ಗೆ ಒಮ್ಮೆ ವೆಂಟಾಯ್ ಹಾಕಿದರೆ ಸಾಕು, ಆಮೇಲೆ ಎಷ್ಟು ಐಎಸ್‌ಒ ಕಡತ (ಇಡೀ ಆಪರೇಟಿಂಗ್ ಸಿಸ್ಟಂ ಇರುವ ಕಡತ) ಬೇಕಾದರೂ ಸುಮ್ನೆ ಕಾಪಿ ಮಾಡಿ ಬೂಟ್ ಮಾಡಬಹುದು. ಬ್ರೌಸರ್, ಲಿಬ್ರೆಆಫೀಸ್, ವಿಎಲ್‌ಸಿ ಇದ್ದರೆ ಮನೆಯ ಬಹುತೇಕ ಕೆಲಸ ನಡೆಯುತ್ತದೆ. ಹಾಕುವ ಮೊದಲು ನಿಮ್ಮ ಕಡತಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಡಿಜಿಟಲ್ ಸಹಿಯ ಟೋಕನ್ ಅಥವಾ ವಿಂಡೋಸಿಗೇ ಬರೆದ ಲೆಕ್ಕಪತ್ರದ ತಂತ್ರಾಂಶ ದಿನಾ ಬೇಕು ಅನ್ನುವವರಿಗೆ ಮಾತ್ರ ನಾನು ಲಿನಕ್ಸ್ ಒತ್ತಾಯಿಸುವುದಿಲ್ಲ.

ಕನ್ನಡ ಇಷ್ಟು ಬೇಗ ಹೇಗೆ ಟೈಪ್ ಮಾಡುತ್ತೀರಿ?

ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಿಂದ. ಕನ್ನಡ ಬರೆಯುವ ನುಡಿ ತಂತ್ರಾಂಶ ಬಳಸಿದವರಿಗೆ ಇದು ಗೊತ್ತು. ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ‘ಕಗಪ’ ಎಂದೂ ಕರೆಯುತ್ತಾರೆ.

ಇದರ ಸೊಗಸು ಹೀಗಿದೆ. ವ್ಯಂಜನದ ಕೀಲಿ ಒತ್ತಿದರೆ ಅಕಾರ ಸೇರಿದ ಅಕ್ಷರವೇ ಬರುತ್ತದೆ. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದಾಗ ನಡುವೆ ‘ಎಫ್’. ‘ಕನ್ನಡ’ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು, ಐದೇ ಕೀಲಿ. ಇಂಗ್ಲಿಷ್ ಕಾಗುಣಿತದಲ್ಲಿ ಬರೆದರೆ ಏಳು ಬೇಕು. ಒಂದು ಪುಟ ಬರೆಯುವಾಗ ಈ ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಬರೆಯುವ ಪದವನ್ನು ಮನಸ್ಸಿನಲ್ಲಿ ಇಂಗ್ಲಿಷಿಗೆ ತಿರುಗಿಸುವ ಕೆಲಸವೇ ಇರುವುದಿಲ್ಲ. ತಂತ್ರಾಂಶ ಊಹಿಸಿ ಬೇರೆ ಪದ ತುರುಕುವುದೂ ಇಲ್ಲ. ಒತ್ತಿದ್ದೇ ಬರುತ್ತದೆ. ಬೆರಳು ಕುದುರುವವರೆಗೆ ಸ್ವಲ್ಪ ತಾಳ್ಮೆ ಬೇಕು, ಅಷ್ಟೇ.

ಲಿನಕ್ಸಿನಲ್ಲಿ ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ಐಬಸ್ ಜೊತೆಗೆ, ಕೀಲಿಮಣೆ ವಿನ್ಯಾಸಗಳಿರುವ ಎಂ17ಎನ್ ಪ್ಯಾಕೇಜ್ ಹಾಕಿದರೆ ಈ ವಿನ್ಯಾಸ ಸಿಗುತ್ತದೆ. ಭಾರತೀಯ ಭಾಷೆಗಳ ಇನ್ನೊಂದು ಕೀಲಿಮಣೆ ವಿನ್ಯಾಸ ಇನ್‌ಸ್ಕ್ರಿಪ್ಟ್ ಕೂಡ ಅದರಲ್ಲೇ ಇದೆ. ವಿಂಡೋಸಿನಲ್ಲಿ 2019ರಿಂದ ಕನ್ನಡ ಫೊನೆಟಿಕ್ ಕೀಲಿಮಣೆ ಒಳಗೇ ಬರುತ್ತದೆ. ಭಾಷೆಯ ಸೆಟ್ಟಿಂಗಿಗೆ ಹೋಗಿ ಕನ್ನಡ ಸೇರಿಸಿ, ಅದರಲ್ಲಿ ಫೊನೆಟಿಕ್ ಕೀಲಿಮಣೆ ಆರಿಸಿದರೆ ಸಾಕು. ಅಪರೂಪಕ್ಕೆ ನಾಲ್ಕು ಸಾಲು ಬರೆಯುವವರು ಅದರಲ್ಲೇ ಇರಬಹುದು. ದಿನಾ ಬರೆಯುವವರು ಕಗಪ ಕಲಿಯಿರಿ ಅನ್ನುತ್ತೇನೆ.

ಫೋನಿನಲ್ಲಿ ನನಗೆ ಗೂಗಲ್‌ನ ಕೀಲಿಮಣೆ ಜಿಬೋರ್ಡ್ ಸಾಕು. ಉದ್ದದ ಸಂದೇಶ ಇದ್ದರೆ ಮೈಕ್ ಒತ್ತಿ ಮಾತಾಡುತ್ತೇನೆ. ಗೂಗಲ್‌ನ ಧ್ವನಿ ಟೈಪಿಂಗಿಗೆ ಕನ್ನಡ ಬಂದದ್ದು 2017ರಲ್ಲಿ. ನಿಧಾನವಾಗಿ, ವಾಕ್ಯ ಪೂರ್ತಿ ಮಾಡಿ ಹೇಳಿದರೆ ಚೆನ್ನಾಗಿ ಹಿಡಿಯುತ್ತದೆ. ಊರಿನ ಹೆಸರು, ಮನೆತನದ ಹೆಸರುಗಳನ್ನು ಮಾತ್ರ ಕಳಿಸುವ ಮೊದಲು ಒಮ್ಮೆ ಓದಿ.

ಹಳೆಯ ನುಡಿ ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಏನು ಮಾಡಲಿ?

ಹೆದರಬೇಡಿ, ಏನೂ ಹಾಳಾಗಿಲ್ಲ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸುತ್ತಿದ್ದವು. ಫಾಂಟ್ ಇಲ್ಲದ ಯಂತ್ರದಲ್ಲಿ ಒಳಗಿನ ಇಂಗ್ಲಿಷ್ ಅಕ್ಷರ ಬಯಲಾಗುತ್ತದೆ. ಎಲ್ಲ ಭಾಷೆಗಳ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಮಾನದಂಡವಾದ ಯುನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ವಂತ ಜಾಗ ಇದೆ. ಆದರೂ ನಮ್ಮ ಕಚೇರಿ, ಮುದ್ರಣಾಲಯಗಳು ಬಹಳ ವರ್ಷ ಹಳೆಯ ಪದ್ಧತಿಯಲ್ಲೇ ಉಳಿದವು. ಆ ಬರಹವನ್ನು ಹುಡುಕಲು ಆಗುವುದಿಲ್ಲ, ಫೋನಿನಲ್ಲಿ ಓದಲು ಆಗುವುದಿಲ್ಲ, ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳಲೂ ಆಗುವುದಿಲ್ಲ.

ಬರಹ ತಂತ್ರಾಂಶದ ಜೊತೆಗೆ ಪರಿವರ್ತಕ ಇದೆ. ಬ್ರೌಸರಿನಲ್ಲೇ ಕೆಲಸ ಮಾಡುವ ಉಚಿತ ಪರಿವರ್ತಕಗಳೂ ಇವೆ. ಬದಲಾಯಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿ, ತಪ್ಪುವುದು ಅಲ್ಲೇ. ಅಪ್ಪನ ಲೇಖನ, ಸಂಘದ ಹಳೆಯ ನಡಾವಳಿ, ಅಜ್ಜಿಯ ಹಾಡು ಇಂಥವು ಮನೆಯ ಹಳೆಯ ಡಿಸ್ಕಿನಲ್ಲಿದ್ದರೆ ದಯವಿಟ್ಟು ಈಗಲೇ ಯುನಿಕೋಡಿಗೆ ತನ್ನಿ. ಇದೊಂದನ್ನು ನಾನು ಎಲ್ಲರಿಗೂ ಗಟ್ಟಿಯಾಗಿ ಹೇಳುತ್ತೇನೆ.

ಮುದ್ರಿತ ಪುಟದಿಂದ ಕನ್ನಡ ಪಠ್ಯ ತೆಗೆಯಲು?

ಒಂದೆರಡು ಪುಟಕ್ಕೆ ಗೂಗಲ್ ಲೆನ್ಸ್. ಇಡೀ ಪುಸ್ತಕಕ್ಕೆ ಟೆಸೆರಾಕ್ಟ್. ಅದು ಮುಕ್ತ ತಂತ್ರಾಂಶ, ಕನ್ನಡದ ಕಡತ ಬೇರೆ ಹಾಕಿಕೊಳ್ಳಬೇಕು, ಇಂಟರ್ನೆಟ್ ಬೇಡ. ಪುಟವನ್ನು ನೆಟ್ಟಗೆ, ನೆರಳಿಲ್ಲದೆ ಸ್ಕ್ಯಾನ್ ಮಾಡಿದರೆ ಅರ್ಧ ಕೆಲಸ ಆದಂತೆ.

ನಿಘಂಟು?

ಅಲರ್. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು. ಒಂದೂವರೆ ಲಕ್ಷದಷ್ಟು ಪದಗಳಿವೆ. 2019ರಿಂದ ಅದರ ದತ್ತಾಂಶ ಎಲ್ಲರಿಗೂ ಮುಕ್ತವಾಗಿದೆ. ಇಂಥ ಕೆಲಸದ ಮುಂದೆ ನನಗೆ ಯಾವ ಹೊಸ ಫೋನೂ ದೊಡ್ಡದಾಗಿ ಕಾಣುವುದಿಲ್ಲ.

ಎಐ ಬಳಸುತ್ತೀರಾ? ಕನ್ನಡಕ್ಕೆ ಆಗುತ್ತದಾ?

ಬಳಸುತ್ತೇನೆ. ಸಣ್ಣಪುಟ್ಟ ಪ್ರೋಗ್ರಾಂ ಬರೆಯಲು, ಉದ್ದದ ಇಂಗ್ಲಿಷ್ ದಾಖಲೆಯ ಸಾರ ತಿಳಿಯಲು. ಕನ್ನಡದಲ್ಲಿ ವಿಷಯ ಅರ್ಥ ಮಾಡಿಕೊಳ್ಳುತ್ತವೆ. ಬರೆಯುವಾಗ ಮಾತ್ರ ಇಂಗ್ಲಿಷಿನ ನಡಿಗೆ ಇಣುಕುತ್ತದೆ, ಹಾಗಾಗಿ ತಿದ್ದದೆ ಯಾರಿಗೂ ಕಳಿಸುವುದಿಲ್ಲ. ಅನುವಾದಕ್ಕೆ ಐಐಟಿ ಮದ್ರಾಸಿನ ಎಐ4ಭಾರತ್ ತಂಡದವರು 2023ರಲ್ಲಿ ಕೊಟ್ಟ ಇಂಡಿಕ್‌ಟ್ರಾನ್ಸ್2 ಮುಕ್ತವಾಗಿದೆ, ಸಂವಿಧಾನದ 22 ಭಾಷೆಗಳಿಗೂ ಬರುತ್ತದೆ. ಸ್ವಂತ ಯಂತ್ರದಲ್ಲೇ ನಡೆಸಬಹುದು ಅನ್ನುವುದು ನನಗೆ ಮುಖ್ಯ. ಆಸ್ಪತ್ರೆಯ ವರದಿ, ಆಧಾರ್, ಆಫೀಸಿನ ಗುಟ್ಟಿನ ಕಡತಗಳನ್ನು ಯಾವ ಚಾಟ್‌ಬಾಟ್‌ಗೂ ಹಾಕುವುದಿಲ್ಲ.

ಪಾಸ್‌ವರ್ಡ್‌ಗಳನ್ನು ಎಲ್ಲಿ ಇಡುತ್ತೀರಿ?

ಬಿಟ್‌ವಾರ್ಡನ್‌ನಲ್ಲಿ. ಕ್ಲೌಡ್ ಬೇಡ ಅನ್ನುವವರಿಗೆ ಕೀಪಾಸ್‌ಎಕ್ಸ್‌ಸಿ ಒಳ್ಳೆಯದು, ಎಲ್ಲವೂ ನಿಮ್ಮ ಕೈಯಲ್ಲಿರುವ ಒಂದೇ ಬೀಗ ಹಾಕಿದ ಕಡತದಲ್ಲಿರುತ್ತದೆ. ಎರಡೂ ಮುಕ್ತ ತಂತ್ರಾಂಶಗಳು. ಮುಖ್ಯ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಮನೆಯ ಪತ್ರಗಳ ಜೊತೆ ಬೀರುವಿನಲ್ಲಿ ಇಡಿ. ನಿಮಗೇನಾದರೂ ಆದರೆ ಮನೆಯವರು ಒದ್ದಾಡಬಾರದು.

ಫೋನಿನಿಂದ ಕಂಪ್ಯೂಟರಿಗೆ ಫೋಟೊ ಕಳಿಸಲು ವಾಟ್ಸ್‌ಆ್ಯಪ್ ಸಾಕಲ್ವಾ?

ಅದು ಸಾಮಾನ್ಯವಾಗಿ ಫೋಟೊವನ್ನು ಕುಗ್ಗಿಸಿಬಿಡುತ್ತದೆ. ಲೋಕಲ್‌ಸೆಂಡ್ ಆ್ಯಪ್ ಹಾಕಿ. ಎರಡೂ ಒಂದೇ ವೈಫೈನಲ್ಲಿದ್ದರೆ ಮೂಲ ಗಾತ್ರದಲ್ಲೇ ಹೋಗುತ್ತದೆ, ಆಂಡ್ರಾಯ್ಡ್, ಐಫೋನ್, ವಿಂಡೋಸ್, ಲಿನಕ್ಸ್ ಎಲ್ಲಕ್ಕೂ ಇದೆ. ಫೋನಿನ ಫೋಟೊ ತಾನಾಗಿಯೇ ಕಂಪ್ಯೂಟರಿನಲ್ಲಿ ಕೂರಬೇಕಾದರೆ ಸಿಂಕ್‌ಥಿಂಗ್. ಆದರೆ ಗಮನಿಸಿ: ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುವಂತೆ ಸೆಟ್ಟಿಂಗ್ ಇರಬಹುದು. ಹಾಗಾಗಿ ಬೇರೆ ಹಾರ್ಡ್ ಡಿಸ್ಕಿಗೆ ಇನ್ನೊಂದು ಪ್ರತಿ ಬೇಕೇ ಬೇಕು.

ಸಂಪಿನ ನೀರನ್ನು ಫೋನಿನಲ್ಲೇ ನೋಡುತ್ತೀರಂತೆ, ಹೇಗೆ?

ಈ ಪ್ರಶ್ನೆ 2024ರ ಬೇಸಿಗೆಯ ನೀರಿನ ಬರದ ನಂತರ ಜಾಸ್ತಿಯಾಯಿತು. ಸಂಪಿನಲ್ಲಿ ಎಷ್ಟಿದೆ, ಕಾವೇರಿ ನೀರು ಬಂತಾ, ಟ್ಯಾಂಕರ್ ಕರೆಯಬೇಕಾ ಎಂದು ಮುಚ್ಚಳ ಎತ್ತಿ ಟಾರ್ಚ್ ಬಿಟ್ಟು ನೋಡುವುದು ಈಗ ನಮ್ಮ ಮನೆಯಲ್ಲಿ ನಿಂತಿದೆ.

ಬೇಕಾದದ್ದು ಒಂದು ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್ಪಿನ ಹಲಗೆ) ಮತ್ತು ನೀರು ತಾಗಿದರೂ ಕೆಡದ ಅಲ್ಟ್ರಾಸಾನಿಕ್ ಸೆನ್ಸರ್, ಜೆಎಸ್‌ಎನ್-ಎಸ್‌ಆರ್04ಟಿ ಅನ್ನುವುದು. ಸೆನ್ಸರ್ ಮೇಲಿನಿಂದ ಶಬ್ದದ ಅಲೆ ಬಿಡುತ್ತದೆ. ಅದು ನೀರಿಗೆ ತಾಗಿ ವಾಪಸ್ ಬರುವ ಹೊತ್ತಿನಿಂದ ದೂರ ಗೊತ್ತಾಗುತ್ತದೆ. ಸಂಪು 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಇದ್ದರೆ ಒಂದೊಂದು ಸೆಂಟಿಮೀಟರೂ 30 ಲೀಟರ್. ಉಳಿದದ್ದು ಗುಣಾಕಾರ.

ಮೂರು ಕಡೆ ಹುಷಾರಾಗಿರಿ. ಈ ಸೆನ್ಸರ್ 20–25 ಸೆಂಟಿಮೀಟರಿಗಿಂತ ಹತ್ತಿರದ್ದನ್ನು ಸರಿಯಾಗಿ ಅಳೆಯದು. ಸಂಪು ತುಂಬಿದಾಗಲೂ ಅಷ್ಟು ಅಂತರ ಉಳಿಯುವಂತೆ ಎತ್ತರದಲ್ಲಿ ಕೂರಿಸಿ. 5 ವೋಲ್ಟಿನಲ್ಲಿ ನಡೆಸಿದರೆ ಅದರಿಂದ ಬರುವ ಸಂಕೇತವೂ 5 ವೋಲ್ಟ್, ಇಎಸ್‌ಪಿ32 ತಡೆಯುವುದು 3.3 ಮಾತ್ರ. ನಡುವೆ ಎರಡು ರೆಸಿಸ್ಟರ್ ಹಾಕಿ ಇಳಿಸಬೇಕು. ಇನ್ನು ಬೋರ್ಡನ್ನು ಸಂಪಿನೊಳಗೆ ಇಡಬೇಡಿ. ತೇವಕ್ಕೆ ಕೆಡುತ್ತದೆ, ಕಬ್ಬಿಣದ ಮುಚ್ಚಳದ ಕೆಳಗೆ ವೈಫೈ ಕೂಡ ಸಿಗುವುದಿಲ್ಲ. ಸೆನ್ಸರಿನ ವೈರನ್ನಷ್ಟೇ ಒಳಗೆ ಬಿಟ್ಟು ಬೋರ್ಡನ್ನು ಗೋಡೆಗೆ ಹಾಕಿ.

ಬೋರ್ಡನ್ನು ನಡೆಸಲು ಇಎಸ್‌ಪಿಹೋಮ್ ತಂತ್ರಾಂಶ, ಅಳತೆಯನ್ನು ಪಡೆದು ಫೋನಿಗೆ ತೋರಿಸುವ ಮನೆಯ ಸರ್ವರಿಗೆ ಹೋಮ್ ಅಸಿಸ್ಟೆಂಟ್ ತಂತ್ರಾಂಶ. ಎರಡೂ ಮುಕ್ತ, ಉಚಿತ. ಅಂಕಿಅಂಶ ಮನೆಯ ಹೊರಗೆ ಹೋಗುವುದೇ ಇಲ್ಲ. ಸರ್ವರಿಗೆ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೊಳ್ಳಬಹುದು, ಆದರೆ ನನ್ನ ಆಯ್ಕೆ ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ಬ್ಯಾಟರಿ ಇರುವುದರಿಂದ ಕರೆಂಟು ಹೋದರೂ ನಿಲ್ಲುವುದಿಲ್ಲ.

ಮೋಟಾರನ್ನು ತಾನಾಗಿಯೇ ಆನ್-ಆಫ್ ಮಾಡಿಸುವ ಆಸೆ ಎಲ್ಲರಿಗೂ ಬರುತ್ತದೆ. 10 ಆಂಪಿಯರ್ ಅಂತ ಬರೆದಿರುವ ಪುಟ್ಟ ರಿಲೇಗೆ (ಬೋರ್ಡ್ ಆನ್-ಆಫ್ ಮಾಡುವ ಸ್ವಿಚ್ಚಿಗೆ) ಮೋಟಾರನ್ನು ನೇರವಾಗಿ ಕೊಡಬೇಡಿ. ಮೋಟಾರ್ ಶುರುವಾಗುವ ಗಳಿಗೆಯಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ರಿಲೇ ಸುಟ್ಟು ಅಂಟಿಕೊಂಡರೆ ಮೋಟಾರ್ ನಿಲ್ಲುವುದೇ ಇಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮೋಟಾರಿಗೆ ತಕ್ಕ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರ್ ಹಾಕಿಸಿ.

ಈ ಬಿಡಿಭಾಗಗಳು ಎಲ್ಲಿ ಸಿಗುತ್ತವೆ?

ಎಸ್.ಪಿ. ರೋಡ್, ಟೌನ್ ಹಾಲ್ ಹತ್ತಿರ. ಹಸಿರು ಮಾರ್ಗದ ಮೆಟ್ರೊದಲ್ಲಿ ಬಂದು ಚಿಕ್ಕಪೇಟೆಯಲ್ಲೋ ಕೆ.ಆರ್. ಮಾರುಕಟ್ಟೆಯಲ್ಲೋ ಇಳಿದು ನಡೆಯಿರಿ. ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ದಿನ ಹೋಗುತ್ತದೆ. ಭಾನುವಾರ ಬೇಡ, ಬಹುತೇಕ ಅಂಗಡಿ ಮುಚ್ಚಿರುತ್ತವೆ. ಬೇಕಾದ್ದರ ಫೋಟೊ, ಮಾಡೆಲ್ ನಂಬರ್ ಫೋನಿನಲ್ಲಿ ಇರಲಿ. ಮೂರು ಅಂಗಡಿ ವಿಚಾರಿಸಿ, ಜಿಎಸ್‌ಟಿ ಬಿಲ್ ಕೇಳಿ, ಅಲ್ಲೇ ಆನ್ ಮಾಡಿ ನೋಡಿ. ಪೆನ್‌ಡ್ರೈವ್, ಮೆಮೊರಿ ಕಾರ್ಡ್ ತಂದರೆ ಎಫ್3 ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಿ, ಮೇಲೆ ಬರೆದ ಜಿಬಿ ಒಳಗೆ ನಿಜವಾಗಿಯೂ ಇದೆಯಾ ಎಂದು ಗೊತ್ತಾಗುತ್ತದೆ.

ಅಮ್ಮನ ಫೋನಿನಲ್ಲಿ ಮೊದಲು ಏನು ಮಾಡಿಕೊಡಬೇಕು?

ಅಕ್ಷರ ದೊಡ್ಡದು ಮಾಡಿ, ಫೋನಿನ ಭಾಷೆ ಕನ್ನಡ ಮಾಡಿ. *#06# ಒತ್ತಿ ಬರುವ ಐಎಂಇಐ ನಂಬರನ್ನು ಡೈರಿಯಲ್ಲಿ ಬರೆದಿಡಿ. ಫೋನ್ ಕಳೆದರೆ ಪೊಲೀಸ್ ದೂರಿನ ಜೊತೆ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಅದನ್ನು ಬ್ಲಾಕ್ ಮಾಡಿಸಬಹುದು. ಹಣ ಬರುವುದಕ್ಕೆ ಯುಪಿಐ ಪಿನ್ ಎಂದೂ ಬೇಡ ಎಂಬುದನ್ನು ಕೂತು ತಿಳಿಸಿ, ಒಮ್ಮೆ ಒಂದು ರೂಪಾಯಿ ಕಳಿಸಿ ತೋರಿಸಿ. ವಂಚನೆ ಆಗಿದೆ ಅನ್ನಿಸಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ನಂಬರನ್ನು ಅವರ ಫೋನಿನಲ್ಲೇ ಉಳಿಸಿಕೊಡಿ.

ಉಬ್ಬಿದ ಬ್ಯಾಟರಿ, ಕೆಟ್ಟ ಫೋನು ಏನು ಮಾಡಲಿ?

ಒಣಕಸಕ್ಕೆ ಹಾಕಲೇಬೇಡಿ. ಕಸದ ಲಾರಿಯಲ್ಲಿ ಒತ್ತಿದಾಗ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು, ಪಕ್ಕದಲ್ಲಿ ಪೌರಕಾರ್ಮಿಕರು ಇರುತ್ತಾರೆ. ಉಬ್ಬಿದ್ದನ್ನು ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ.

ಎಲ್ಲರೂ ಕೊಳ್ಳುತ್ತಿದ್ದಾರೆ, ನೀವು ಮಾತ್ರ ಬೇಡ ಅನ್ನುವ ವಸ್ತು?

ಕಂಪನಿಯ ಸರ್ವರ್ ಇಲ್ಲದೆ ಒಂದು ಹೆಜ್ಜೆಯೂ ಇಡದ ಸ್ಮಾರ್ಟ್ ಬಲ್ಬ್, ಪ್ಲಗ್, ಕ್ಯಾಮೆರಾ. ನಮ್ಮ ಮನೆಯ ದೀಪ ಹಚ್ಚಲು ದೂರದ ಸರ್ವರಿನ ಅಪ್ಪಣೆ ಯಾಕೆ ಬೇಕು? ಬಲ್ಬು, ಪ್ಲಗ್ಗು ಕೊಳ್ಳುವಾಗ ಡಬ್ಬಿಯ ಮೇಲೆ ಮ್ಯಾಟರ್ ಅಥವಾ ಜಿಗ್‌ಬೀ ಎಂದಿದೆಯಾ ನೋಡಿ. ಮ್ಯಾಟರ್ 2022ರ ಅಕ್ಟೋಬರಿನಲ್ಲಿ ಬಂದ ಮಾನದಂಡ, ಮನೆಯೊಳಗೇ ಸಾಧನಗಳು ಮಾತಾಡಿಕೊಳ್ಳುವಂತೆ ರೂಪಿಸಿದ್ದಾರೆ. ಕ್ಯಾಮೆರಾ ಆದರೆ ಮೆಮೊರಿ ಕಾರ್ಡಿಗೆ ರೆಕಾರ್ಡ್ ಆಗುತ್ತದಾ, ಕಂಪನಿಯ ಆ್ಯಪ್ ಇಲ್ಲದೆ ಮನೆಯ ಕಂಪ್ಯೂಟರಿನಲ್ಲೇ ದೃಶ್ಯ ನೋಡಲು ಬೇಕಾದ ಆರ್‌ಟಿಎಸ್‌ಪಿ ಇದೆಯಾ ಎಂದು ಅಂಗಡಿಯವರನ್ನು ಕೇಳಿ. ‘ಆ್ಯಪ್‌ನಲ್ಲಿ ಎಲ್ಲಾ ಬರುತ್ತೆ ಸಾರ್’ ಎಂದಷ್ಟೇ ಉತ್ತರ ಬಂದರೆ ಪಕ್ಕದ ಅಂಗಡಿಗೆ ಹೋಗಿ.